ಇದರ ಕೆಳಗೆ ಏನಿದೆ?

ಶಿವಮೊಗ್ಗ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಹೇಳಲು ಶುರು ಮಾಡಿದರೆ ನೀನು ನಡುವೆ ಪ್ರಶ್ನೆ ಕೇಳುತ್ತೀಯ, ಮಾತು ಎಲ್ಲಿಗೋ ಹೋಗುತ್ತದೆ. ಇದು ಹಾಗೆ ಚದುರಿ ಹೋಗಬಾರದು ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕೊನೆಯಲ್ಲಿ ನಿನ್ನಿಂದ ಒಂದು ಕೆಲಸವೂ ಆಗಬೇಕಿದೆ.

ನಿನ್ನೆ ಅಮ್ಮನನ್ನು ಕರೆದುಕೊಂಡು ಬೆಳಕು ಮತ್ತು ಸದ್ದಿನ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಕುರ್ಚಿಯಲ್ಲಿ ಕೂತು ನೋಡುವಂಥದ್ದಲ್ಲ. ಒಳಗೆ ನಡೆದುಕೊಂಡು ಹೋಗಬೇಕು. ಮೈದಾನದಲ್ಲಿ ದೊಡ್ಡ ಡೇರೆ ಹಾಕಿ, ಒಳಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಒಂದಕ್ಕೊಂದು ಸೇರಿದ ಆರು ಕೋಣೆ ಮಾಡಿದ್ದರು. ಮಗಳಿಗೆ ಅಂತ ತೆಗೆದ ಟಿಕೆಟ್. ಅವಳಿಗೆ ಬರಲು ಆಗಲಿಲ್ಲ. ಅಮ್ಮನನ್ನು ಕರೆದೆ. ಅವಳಿಗೀಗ ಎಪ್ಪತ್ನಾಲ್ಕು. "ಲೈಟು ನೋಡೋಕೆ ದುಡ್ಡು ಕೊಡಬೇಕಾ?" ಅಂದಳು. ಆದರೆ ಒಳ್ಳೆಯ ಸೀರೆ ಉಟ್ಟುಕೊಂಡೇ ಹೊರಟಳು.

ಮೊದಲು ಒಂದು ಉದ್ದದ ಓಣಿ. ಅದರಲ್ಲಿ ಏನೂ ಇಲ್ಲ, ಬರೀ ಕತ್ತಲೆ. ನೆಲದ ಅಂಚಿಗೆ ಒಂದು ಸಣ್ಣ ಕೆಂಪು ಗೆರೆ, ಅಷ್ಟೇ. ಇಡೀ ಪ್ರದರ್ಶನದಲ್ಲಿ ಬಹಳ ಯೋಚನೆ ಮಾಡಿ ಕಟ್ಟಿದ ಜಾಗ ಇದು ಅಂತ ನನಗನ್ನಿಸಿತು. ಬಿಸಿಲಿನಿಂದ ಬಂದ ಕಣ್ಣಿಗೆ ತೆಳುವಾದ ಬೆಳಕು ಕಾಣುವುದಿಲ್ಲ. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಬೇಕಾದರೆ 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ಜನರನ್ನು ನಿಲ್ಲಿಸಲು ಆಗುವುದಿಲ್ಲ. ಐದು ನಿಮಿಷ ನಿಂತರೂ ವ್ಯತ್ಯಾಸ ಗೊತ್ತಾಗುತ್ತದೆ. ಕತ್ತಲಲ್ಲಿ ನೋಡಲು ಕಣ್ಣಿನಲ್ಲಿ ಬೇರೆಯದೇ ಜೀವಕೋಶಗಳಿವೆ. ಅವಕ್ಕೆ ಕೆಂಪು ಬೆಳಕು ಜಾಸ್ತಿ ತಟ್ಟುವುದಿಲ್ಲ. ಗೆರೆ ಕೆಂಪಗಿದ್ದದ್ದು ಅದಕ್ಕೇ.

ನಿಧಾನಕ್ಕೆ ಪಕ್ಕದವರ ಮುಖ, ಬಟ್ಟೆಯ ಮಡಿಕೆ ಕಾಣಲು ಶುರುವಾಗಿತ್ತು. ಅಷ್ಟರಲ್ಲಿ ಹಿಂದಿದ್ದ ಹುಡುಗರು ಮೊಬೈಲ್ ಟಾರ್ಚ್ ಹಾಕಿಬಿಟ್ಟರು. ಕಾದು ಗಳಿಸಿದ್ದೆಲ್ಲ ಒಂದೇ ಗಳಿಗೆಯಲ್ಲಿ ಹೋಯಿತು. ನನಗೆ ಸಿಟ್ಟು ಬಂತು. ಅಮ್ಮ ತಿರುಗಿ, "ಅದನ್ನ ಆರಿಸಿ ಮಕ್ಕಳೇ, ಈಗಷ್ಟೇ ಕಾಣೋಕೆ ಶುರುವಾಗಿತ್ತು" ಅಂದಳು. ಆರಿಸಿದರು. ಅಲ್ಲಿಂದ ಮುಂದೆ ನನ್ನ ಕೈ ಹಿಡಿದು ನಡೆಸಿದವಳು ಅವಳೇ.

ಅವಳಿಗೆ ಕತ್ತಲೆ ಹೊಸದಲ್ಲ, ನಿನಗೂ ಗೊತ್ತು. ನಮ್ಮ ಕೇರಿಗೆ ಕರೆಂಟ್ ಬಂದದ್ದು ನಾನು ಐದನೇ ಕ್ಲಾಸಿನಲ್ಲಿದ್ದಾಗ. ಅಲ್ಲಿವರೆಗೆ ಚಿಮಣಿ ಬುಡ್ಡಿ. ರಾತ್ರಿ ಹೊರಗೆ ಹೋಗಬೇಕಾದರೆ ಸೂಡಿ ಹೊತ್ತಿಸಿಕೊಂಡು ಬೀಸುತ್ತಾ ಹೋಗುತ್ತಿದ್ದೆವು.

ಎರಡನೆಯದು ಕನ್ನಡಿ ಕೋಣೆ. ಎದುರುಬದುರು ಕನ್ನಡಿ, ನಡುವೆ ನೇತುಹಾಕಿದ ನೂರಾರು ಸಣ್ಣ ದೀಪ. ಕೊನೆಯೇ ಇಲ್ಲದ ಹಾಗೆ ಕಾಣುತ್ತದೆ. ದೂರದೂರದ ಪ್ರತಿಬಿಂಬಗಳು ಹಸಿರಾಗುತ್ತಾ ಹೋಗುವುದನ್ನು ಅಮ್ಮನಿಗೆ ತೋರಿಸಿದೆ. ಗಾಜು ಪ್ರತಿ ಸಲವೂ ಉಳಿದ ಬಣ್ಣಗಳನ್ನು ಚೂರುಚೂರು ನುಂಗಿ ಹಸಿರನ್ನು ಬಿಟ್ಟುಕೊಡುತ್ತದಲ್ಲ, ಹಾಗಾಗಿ. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಮುಂದೆ ಹೋದೆವು.

ಮೂರನೆಯದರಲ್ಲಿ ನಿನ್ನ ನೆನಪಾಯಿತು. ಬೆಳಕೇ ಇಲ್ಲ. ಬರೀ ಸದ್ದು. ಗೋಡೆಯಲ್ಲಿ, ತಲೆಯ ಮೇಲೆ, ಕಾಲ ಹತ್ತಿರ, ಎಲ್ಲ ಕಡೆ ಸ್ಪೀಕರ್. ಒಂದು ದುಂಬಿ ಹುಟ್ಟಿ, ಎಡಗಿವಿಯ ಪಕ್ಕ ಹಾದು, ಹಿಂದೆ ಹೋಗಿ, ಮೇಲಕ್ಕೆ ಏರಿತು. ನನ್ನ ಹಿಂದಿದ್ದ ಹೆಂಗಸು ಕೈಯಿಂದ ಅದನ್ನು ಓಡಿಸಿದ್ದು ನನಗೆ ತಾಗಿತು! ಒಂದು ಕಿವಿಗೂ ಇನ್ನೊಂದಕ್ಕೂ ಸದ್ದು ತಲುಪುವ ಹೊತ್ತಿನಲ್ಲಿ ಇರುವ ವ್ಯತ್ಯಾಸ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟೂ ಇಲ್ಲ, ಅಷ್ಟರಲ್ಲೇ ತಲೆ ದಿಕ್ಕು ಲೆಕ್ಕ ಹಾಕುತ್ತದೆ ಅಂತ ಸಹ್ಯಾದ್ರಿ ಕಾಲೇಜಿನ ಮೆಟ್ಟಿಲ ಮೇಲೆ ಕೂತು ನೀನು ಹೇಳಿದ್ದೆ. 1958ರ ಬ್ರಸೆಲ್ಸ್ ವಿಶ್ವ ಮೇಳದ ಕತೆಯನ್ನೂ ಹೇಳಿದ್ದೆ. ಲೆ ಕಾರ್ಬೂಸಿಯರ್ ಮತ್ತು ಕ್ಸೆನಾಕಿಸ್ ಕಟ್ಟಿದ ಕಟ್ಟಡ, ಗೋಡೆಯಲ್ಲಿ 300ಕ್ಕೂ ಹೆಚ್ಚು ಸ್ಪೀಕರ್, ಒಳಗೆ ನಿಂತ ಜನರ ಸುತ್ತ ಓಡಾಡುವ ವಾರೆಸ್‌ನ ಸಂಗೀತ, ಎಂಟೇ ನಿಮಿಷ. ಮರುವರ್ಷವೇ ಅದನ್ನು ಕೆಡವಿದರು ಅಂದಾಗ ನಿನ್ನ ಮುಖ ಎಷ್ಟು ಸಣ್ಣದಾಗಿತ್ತು. ಆಗ ನಾನು ಸುಮ್ನೆ ತಲೆಯಾಡಿಸಿದ್ದೆ. ನೀನು ಏನು ಹೇಳುತ್ತಿದ್ದೆ ಅಂತ ಇಷ್ಟು ವರ್ಷ ಆದಮೇಲೆ ನಿನ್ನೆ ತಿಳಿಯಿತು.

ಈಗ ನಾಲ್ಕನೇ ಕೋಣೆ. ನಾನು ಬರೆಯಲು ಕೂತದ್ದೇ ಇದಕ್ಕೆ.

ನೆಲವೆಲ್ಲ ನೀರು. ಮೇಲಿನಿಂದ ಪ್ರೊಜೆಕ್ಟರ್‌ಗಳು ನೀರನ್ನು ನೆಲಕ್ಕೆ ಹಾಸಿವೆ. ಒಂದರ ಅಂಚು ಇನ್ನೊಂದರ ಮೇಲೆ ಬಂದಿದ್ದರೂ ಗೆರೆ ಕಾಣದ ಹಾಗೆ ಬೆರೆಸಿದ್ದಾರೆ. ಕಾಲಿಟ್ಟ ಕಡೆ ಅಲೆ ಏಳುತ್ತದೆ. ಕಾಲು ಎಲ್ಲಿದೆ ಅಂತ ಕಣ್ಣಿಗೆ ಕಾಣದ ಬೆಳಕಿನ ಸೆನ್ಸರ್ ನೋಡುತ್ತಿರುತ್ತದೆ, ಕಂಪ್ಯೂಟರ್ ಅಲ್ಲಿಂದ ಅಲೆ ಎಬ್ಬಿಸುತ್ತದೆ. ಮಕ್ಕಳು ಕುಣಿದಾಡುತ್ತಿದ್ದರು. ಕಲ್ಲಿನ ಮೇಲೆ ಹರಿಯುವ ಹೊಳೆಯ ಸದ್ದು ಸುತ್ತಲೂ ಇತ್ತು.

ಅಮ್ಮ ಬಾಗಿಲಲ್ಲೇ ನಿಂತಳು. ಚಪ್ಪಲಿ ಬಿಟ್ಟಳು. ಸೀರೆಯ ನಿರಿಗೆ ಸ್ವಲ್ಪ ಎತ್ತಿ ಹಿಡಿದಳು. ಆದರೆ ಕಾಲಿಡಲಿಲ್ಲ.

"ಇದರ ಕೆಳಗೆ ಏನಿದೆ?" ಅಂದಳು.

"ಏನೂ ಇಲ್ಲಮ್ಮ, ಬರೀ ಬೆಳಕು. ಕೆಳಗೆ ಮ್ಯಾಟ್ ಹಾಕಿದ್ದಾರೆ" ಅಂದೆ.

"ಅದರ ಕೆಳಗೆ?"

"ಮೈದಾನ."

ಆಮೇಲೆ ಕಾಲಿಟ್ಟಳು. ನಾವು ಕೋಣೆಯ ನಡುವೆ ಬಂದೆವು. ಅಷ್ಟು ಹೊತ್ತಿಗೆ ನೀರು ಗೋಡೆ ಏರಲು ಶುರುವಾಯಿತು. ಮೊಣಕಾಲು, ಸೊಂಟ, ಎದೆ. ನೀರು ಏರುತ್ತಾ ಏರುತ್ತಾ ಹೊಳೆಯ ಸದ್ದು ಸಣ್ಣದಾಗುತ್ತಾ ಹೋಯಿತು. ತಲೆಗಿಂತ ಮೇಲೆ ಹೋದಾಗ ಪೂರ್ತಿ ನಿಂತಿತು. ಕುಣಿಯುತ್ತಿದ್ದ ಮಕ್ಕಳೂ ಸುಮ್ಮನಾದರು. ಅಮ್ಮ ನನ್ನ ಮುಂಗೈ ಬಿಗಿಯಾಗಿ ಹಿಡಿದುಕೊಂಡಳು. "ಹೀಗೇ ಆಗಿದ್ದು" ಅಂದಳು. ಅಷ್ಟೇ. ಮತ್ತೇನೂ ಹೇಳಲಿಲ್ಲ.

ಉಳಿದ ಎರಡು ಕೋಣೆಯ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಂದರಲ್ಲಿ ಚಂಡೆಗೆ ಕಂಪ್ಯೂಟರ್ ಡ್ರಮ್ ಬೆರೆಸಿ ಎದೆ ನಡುಗುವ ಹಾಗೆ ಬಾರಿಸುತ್ತಿದ್ದರು. ಚಂಡೆಯ ಪೆಟ್ಟೇ ಅದರಲ್ಲಿ ಕರಗಿಹೋಗಿತ್ತು. ನನಗೆ ಹಿಡಿಸಲಿಲ್ಲ. ಇನ್ನೊಂದು ಫೋಟೋಕ್ಕೆಂದೇ ಮಾಡಿದ ಹೂವಿನ ಗೋಡೆ.

ಹೊರಗೆ ಬಂದಾಗ ಸಂಜೆ. ಅಮ್ಮ ಮನೆಗೆ ಬೇಡ, ಹೊಳೆ ಹತ್ತಿರ ಹೋಗೋಣ ಅಂದಳು. ಆಟೋ ಹಿಡಿದು ಕೋರ್ಪಲಯ್ಯನ ಮಂಟಪದ ಹತ್ತಿರ ಹೋಗಿ ಮೆಟ್ಟಿಲ ಮೇಲೆ ಕೂತೆವು. ಮಳೆಗಾಲದಲ್ಲಿ ಆ ಮಂಟಪ ಮುಳುಗಿತಾ ಇಲ್ಲವಾ ಅಂತ ನೋಡಲು ನಾವು ಸೈಕಲ್ ತುಳಿದುಕೊಂಡು ಬರುತ್ತಿದ್ದೆವಲ್ಲ, ಅಲ್ಲೇ. ಈಗ ತುಂಗೆ ಇಳಿದಿದ್ದಾಳೆ. ಬಂಡೆಗಳ ನಡುವೆ ನೀರು ಸದ್ದು ಮಾಡುತ್ತಿತ್ತು.

ಅಮ್ಮನ ಊರು ಮುಳುಗಡೆಯದ್ದು ಅನ್ನುವುದು ನಿನಗೆ ಗೊತ್ತು. ಶರಾವತಿ ದಡದಲ್ಲಿ, ಮಡೆನೂರಿನ ಆಸುಪಾಸು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿಹೋಯಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆ ಕಾಣುತ್ತದೆ. ಹಾಗೆ ಒಂದು ಸಲ ನಾನೂ ಅವಳೂ ಹೋಗಿದ್ದೆವು. ಒಣಗಿ ಬಿರಿದ ಕೆಸರು, ಕಪ್ಪಾದ ಮರದ ಬುಡಗಳು. ಮನೆ ಇದ್ದ ಜಾಗ ಹುಡುಕಿದಳು. ಸಿಗಲಿಲ್ಲ. ಆ ಹಿನ್ನೀರು ದಾಟಿ ಸಿಗಂದೂರಿನ ದೇವಸ್ಥಾನಕ್ಕೆ ಲಾಂಚ್‌ನಲ್ಲಿ ಹೋಗುವಾಗಲೂ ಕಂಬಿ ಹಿಡಿದು ನೀರನ್ನೇ ನೋಡುತ್ತಾ ನಿಲ್ಲುತ್ತಿದ್ದಳು. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ತೆರೆದ ಮೇಲೆ ಒಮ್ಮೆ ಕರೆದುಕೊಂಡು ಹೋದೆ. ಎರಡೂವರೆ ಕಿಲೋಮೀಟರ್ ಹತ್ತಿರ ಹತ್ತಿರ ಉದ್ದ ಇದೆ, ಒಳ್ಳೆಯ ಸೇತುವೆ. ಆ ಜನಕ್ಕೆ ಅದು ಎಷ್ಟೋ ವರ್ಷ ಮೊದಲೇ ಬೇಕಿತ್ತು. ಕಾರು ದಾಟಿದ್ದೇ ಗೊತ್ತಾಗಲಿಲ್ಲ. "ನಿಲ್ಲಿಸೋಕೆ ಆಗಲ್ವಾ?" ಅಂತ ಕೇಳಿದಳು.

ಮುಳುಗಡೆಯ ಕತೆ ನಾನು ನೂರು ಸಲ ಕೇಳಿದ್ದೇನೆ. ಎಷ್ಟು ಎತ್ತಿನಗಾಡಿ, ಯಾವ ದನ ಬರಲು ಒಪ್ಪಲಿಲ್ಲ, ಹಲಸಿನ ಮರವನ್ನು ತಬ್ಬಿಕೊಂಡು ಅಜ್ಜಿ ಅತ್ತದ್ದು, ಕಾಡು ಕಡಿದು ಹೊಸ ಜಾಗ ಮಾಡಿಕೊಂಡದ್ದು. ಎಲ್ಲ ಗೊತ್ತಿದೆ ಅಂದುಕೊಂಡಿದ್ದೆ. ನಿನ್ನೆ ಮೆಟ್ಟಿಲ ಮೇಲೆ ಹೇಳಿದ್ದನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ. ಅವಳ ಮಾತಿನಲ್ಲೇ ಬರೆಯುತ್ತೇನೆ.

"ರಾತ್ರಿ ಮಲಗಿದ್ರೆ ಹೊಳೆ ಸದ್ದು ಬರ್ತಾನೇ ಇರ್ತಿತ್ತು. ಹುಟ್ಟಿದಾಗಿಂದ ಕೇಳಿದ್ದಲ್ವಾ, ಸದ್ದು ಅಂತಾನೇ ಅನ್ನಿಸ್ತಿರಲಿಲ್ಲ. ಒಂದಿನ ನಡುರಾತ್ರಿ ಎಲ್ರಿಗೂ ಎಚ್ಚರ ಆಯ್ತು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಅಪ್ಪ ಅಂಗಳಕ್ಕೆ ಹೋಗಿ ನಿಂತ್ರು. ಆಮೇಲೆ ಗೊತ್ತಾಯ್ತು, ಹೊಳೆ ಸುಮ್ನಾಗಿದೆ ಅಂತ. ನೀರು ಇನ್ನೂ ಗದ್ದೆಗೂ ಬಂದಿರಲಿಲ್ಲ. ಸದ್ದು ಮೊದ್ಲೇ ಹೋಗಿತ್ತು."

ಯೋಚನೆ ಮಾಡಿ ನೋಡು, ಅದು ಹಾಗೆಯೇ ಆಗಬೇಕು. ಹೊಳೆ ಸದ್ದು ಮಾಡುವುದು ಕಲ್ಲಿಗೆ ಬಡಿದು ಒಡೆದಾಗ, ಗಾಳಿ ಒಳಗೆ ಸಿಕ್ಕಿ ಗುಳ್ಳೆಯಾದಾಗ. ಕೆಳಗಿನಿಂದ ಹಿನ್ನೀರು ಏರಿ ಆ ಕಲ್ಲುಗಳನ್ನು ಮುಚ್ಚಿದರೆ ಒಡೆಯಲು ಏನೂ ಉಳಿಯುವುದಿಲ್ಲ. ನೀರು ಇದ್ದಲ್ಲೇ ದಪ್ಪಗಾಗುತ್ತದೆ, ಸದ್ದಿಲ್ಲದೆ. ಆ ಡೇರೆ ಕಟ್ಟಿದವರಿಗೆ ಶರಾವತಿಯ ಕತೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಆದರೆ ನೀರು ಏರುವಾಗ ಸದ್ದು ಇಳಿಯಬೇಕು ಅಂತ ತೀರ್ಮಾನ ಮಾಡಿದ ಆ ಒಬ್ಬರಿಗೆ ನಾನು ಕೈ ಮುಗಿಯುತ್ತೇನೆ. ಅರವತ್ತು ವರ್ಷ ಒಳಗೇ ಉಳಿದ ಮಾತು ಅವರಿಂದ ಹೊರಗೆ ಬಂತು.

ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಬಗ್ಗೆ ಪುಸ್ತಕದಲ್ಲಿದೆ. ಅಣೆಕಟ್ಟಿನ ಫೋಟೋಗಳಿವೆ. ಆ ಹೊಳೆ ರಾತ್ರಿ ಹೊತ್ತು ಹೇಗೆ ಕೇಳುತ್ತಿತ್ತು ಅನ್ನುವುದು ಅಮ್ಮನಂಥ ಕೆಲವರ ಕಿವಿಯಲ್ಲಿ ಮಾತ್ರ ಇದೆ. ನನಗೆ ನಿನ್ನೆಯಿಂದ ಇದೇ ಕೊರೆಯುತ್ತಿದೆ. ಆಗುಂಬೆಗೆ ಮಳೆ ರೆಕಾರ್ಡ್ ಮಾಡಲು ಹೋಗಿದ್ದೆವಲ್ಲ, ಆ ಕ್ಯಾಸೆಟ್ ಇನ್ನೂ ನಿನ್ನ ಹತ್ತಿರ ಇದೆಯಾ? ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತದೆ ಅಂತ ಬೇಜಾರು ಮಾಡಿಕೊಂಡಿದ್ದೆ ನೀನು. ಇದ್ದರೆ ಎಸೆಯಬೇಡ.

ಈಗ ಕೆಲಸದ ಮಾತು.

ಸೋದರಮಾವನ ಊರಿನಲ್ಲಿ ಅಂಟಿಗೆ-ಪಂಟಿಗೆ ಇನ್ನೂ ಇದೆ. ದೀಪಾವಳಿಯಲ್ಲಿ ಬಲಿಪಾಡ್ಯಮಿಯ ರಾತ್ರಿ ಹೊರಡುತ್ತಾರೆ. ದೇವರ ಮುಂದೆ ಹಚ್ಚಿದ ದೀಪ ಹಿಡಿದು, ಹಾಡುತ್ತಾ, ಮನೆಯಿಂದ ಮನೆಗೆ. ಗದ್ದೆ ದಾಟಿ, ತೋಟ ದಾಟಿ, ಬೆಳಗಿನ ತನಕ. ದೀಪ ಆರಬಾರದು. ಪ್ರತಿ ಮನೆಯವರೂ ಅದಕ್ಕೆ ಎಣ್ಣೆ ಎರೆಯುತ್ತಾರೆ, ಅದರಿಂದಲೇ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ಮುಳುಗಡೆಯಾದ ಊರಿನಿಂದ ಆ ಹಾಡು ಅವರ ಜೊತೆಗೇ ಬಂತು ಅನ್ನುತ್ತಾಳೆ ಅಮ್ಮ. ನಿನ್ನೆಯ ಡೇರೆಯಲ್ಲಿ ನಾವು ಬೆಳಕಿನ ಒಳಗೆ ನಡೆದು ಹೋದೆವು. ಅಲ್ಲಿ ಬೆಳಕೇ ನಡೆದುಕೊಂಡು ಮನೆಗೆ ಬರುತ್ತದೆ. ಮುಂದೆ ನಿಂತು ಹಾಡು ಎತ್ತಿಕೊಡುವವರು ಈಗ ಇಬ್ಬರೇ ಉಳಿದಿದ್ದಾರೆ. ಇಬ್ಬರಿಗೂ ಎಂಬತ್ತರ ಹತ್ತಿರ. ಹೋದ ವರ್ಷ ಒಬ್ಬರು ಕೆಮ್ಮಿ ಕೆಮ್ಮಿ ಅರ್ಧಕ್ಕೇ ಕೂತರಂತೆ. ಹುಡುಗರು ದೀಪ ಹಿಡಿಯಲು ಬರುತ್ತಾರೆ. ಹಾಡು ಅವರಿಗೆ ಬಾಯಿಗೆ ಬಂದಿಲ್ಲ.

ಈ ಸಲ ನೀನು ಬರಬೇಕು. ರೆಕಾರ್ಡರ್ ತೆಗೆದುಕೊಂಡು ಬಾ, ಒಳ್ಳೆಯದನ್ನೇ ತಾ. ಮಾವನಿಗೆ ಹೇಳಿದ್ದೇನೆ, ಹಾಡುವವರೂ ಒಪ್ಪಿದ್ದಾರೆ. ಒಂದು ದಿನ ಮೊದಲೇ ಬಂದರೆ ಹಗಲಲ್ಲಿ ದಾರಿ ನೋಡಿಕೊಳ್ಳಬಹುದು. ಕಂಬಳಿ ನಾನು ತರುತ್ತೇನೆ. ರಕ್ತ ಹೀರುವ ಇಂಬಳ ಇನ್ನೂ ಇರುತ್ತದೆ, ಉದ್ದ ಕಾಲುಚೀಲ ಹಾಕಿಕೋ.

ಇವತ್ತು ಬೆಳಿಗ್ಗೆ ಅಮ್ಮನಿಗೆ ಈ ವಿಷಯ ಹೇಳಿದೆ. ದೋಸೆ ಹುಯ್ಯುತ್ತಾ ಕೇಳಿಸಿಕೊಂಡಳು. ಆಮೇಲೆ, ಮೈಕ್ ಹಾಡುವವರ ಹತ್ತಿರ ಹಿಡಿಯಬಾರದು ಅಂದಳು. ಅಂಗಳದಲ್ಲಿ, ತುಳಸಿಕಟ್ಟೆಯ ಹತ್ತಿರ ಇಟ್ಟು ಸುಮ್ಮನೆ ಕೂರಬೇಕಂತೆ. ಮೊದಲು ಗದ್ದೆಯಾಚೆಯಿಂದ ಸಣ್ಣಗೆ ಹಾಡು ಕೇಳುತ್ತದಂತೆ. ಎಲ್ಲಿಂದ ಅಂತ ಗೊತ್ತಾಗುವುದಿಲ್ಲವಂತೆ. ಎಷ್ಟೋ ಹೊತ್ತಾದ ಮೇಲೆ ತೋಟದ ತಿರುವಿನಲ್ಲಿ ದೀಪ ಕಾಣುತ್ತದಂತೆ.

ಯಾವ ಬಸ್ಸಿಗೆ ಬರುತ್ತೀಯ ಅಂತ ತಿಳಿಸು.

ನಿನ್ನ,
ಹಳೇ ಸೈಕಲ್ ಜೊತೆಗಾರ