ಇವತ್ತು ಎಷ್ಟು ಕೋಲು?

ದುಬೈ
18-10-2009

ತೀರ್ಥರೂಪ ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಈ ಕಾಗದವನ್ನು ನನ್ನ ಕೋಣೆಯಲ್ಲೇ ಇರುವ ಉಪ್ಪಳದ ಬ್ಯಾರಿ ಗೆಳೆಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಿಬಿಡೋಣವೆಂದು ಎಷ್ಟೋ ಸಲ ಹೊರಟೆ. ಅಮ್ಮ "ಊಟ ಆಯ್ತಾ" ಎಂದ ಕೂಡಲೇ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಪ್ಪಾ, ಫೆಬ್ರವರಿಯಲ್ಲೇ ನನ್ನ ಕೆಲಸ ಹೋಗಿದೆ. ಎಂಟು ತಿಂಗಳಾಯಿತು. ಜೂನ್‌ವರೆಗೆ ಕಳಿಸಿದ್ದು ನಾನು ಕೂಡಿಟ್ಟ ಹಣ. ಆಮೇಲೆ ತಂಗಿಯ ಫೀಸಿಗೆಂದು ಬಂದದ್ದು ಇದೇ ಗೆಳೆಯ ಕೊಟ್ಟ ಸಾಲ. ಮುಚ್ಚಿಟ್ಟದ್ದು ತಪ್ಪು, ಕ್ಷಮಿಸಿ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಮುಳುಗಿದ್ದನ್ನು ನೀವು ಪೇಪರಿನಲ್ಲಿ ಓದಿರುತ್ತೀರಿ. ಇಲ್ಲಿ ಕಟ್ಟಡಗಳು ಏಳುತ್ತಿದ್ದದ್ದೇ ಸಾಲದ ಮೇಲೆ. ಬ್ಯಾಂಕುಗಳು ಕೈ ಬಿಗಿಹಿಡಿದವು. ಒಂದು ಕಿಲೋಮೀಟರಿಗೂ ಎತ್ತರ ಕಟ್ಟುತ್ತೇವೆಂದಿದ್ದ ಗೋಪುರದ ಕೆಲಸ ಜನವರಿಯಲ್ಲೇ ನಿಂತಿತು. ನಾನು ನಕ್ಷೆ ಬರೆಯುತ್ತಿದ್ದ ಕಟ್ಟಡ ಆರನೇ ಮಾಳಿಗೆಯಲ್ಲಿ ಕಬ್ಬಿಣದ ಸರಳು ಚಾಚಿಕೊಂಡು ಹಾಗೇ ನಿಂತಿದೆ. ಕೆಲಸ ಹೋದರೆ ವೀಸಾ ರದ್ದು, 30 ದಿನ ಗಡುವು. ಆಮೇಲೆ ವಿಸಿಟ್ ವೀಸಾ. ಅದು ಮುಗಿದಾಗ ಇರಾನಿನ ಕಿಶ್ ದ್ವೀಪಕ್ಕೆ ಹೋಗಿ, ಹೊಸ ವೀಸಾ ಬರುವ ತನಕ ಕಾಯಬೇಕು. ಜೂನಿನಲ್ಲೊಮ್ಮೆ ಹೋದೆ, ಸೆಪ್ಟೆಂಬರಿನಲ್ಲೊಮ್ಮೆ.

ಮೊದಲ ಸಲ ಅಲ್ಲಿ ಒಂಬತ್ತು ದಿನ ಕಾದೆ. ಒಂದು ಕೋಣೆಯಲ್ಲಿ ಆರು ಮಂದಿ, ಎಲ್ಲರೂ ನನ್ನ ಹಾಗೆಯೇ. ಒಂದು ರಾತ್ರಿ ಕರೆಂಟು ಹೋಗಿ ಯಾರೋ ಮೊಂಬತ್ತಿ ಹಚ್ಚಿದರು. ಆ ಬೆಳಕಿನಲ್ಲಿ ನನಗೆ, ನೀರಿಗಾಗಿ ನೀವು ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆಸಿದ ನಮ್ಮ ಸುರಂಗ ನೆನಪಾಯಿತು.

ನಾನು ಆಗ ಐದನೇ ಕ್ಲಾಸು. ಮೊದಲು ಕೊರೆಸಿದ್ದು, ಕೋಲಿನ ಅಳತೆಯಲ್ಲಿ 25 ಕೋಲು ಉದ್ದ ಹೋದರೂ ಒಣ ಮಣ್ಣು. ಈಗ ಅದು ಬಾವಲಿಗಳ ಮನೆ. ಎರಡನೆಯದನ್ನು ಗುಡ್ಡದ ಆಚೆ ಮಗ್ಗುಲಿನಲ್ಲಿ, ಬೇಸಗೆಯಲ್ಲೂ ಹುಲ್ಲು ಹಸಿರಾಗಿರುತ್ತಿದ್ದ ಕಡೆ ಶುರು ಮಾಡಿಸಿದಿರಿ. ಒಬ್ಬ ಬಗ್ಗಿಕೊಂಡು ಹೋಗುವಷ್ಟೇ ಜಾಗ. ಕೆಲಸದಾತ ಒಳಗೆ ಕುಳಿತು ಪಿಕ್ಕಾಸಿನಲ್ಲಿ ಮುರಕಲ್ಲು ಕಡಿಯುತ್ತಿದ್ದ, ಶಾಲೆ ಬಿಟ್ಟು ಬಂದ ನಾನು ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುತ್ತಿದ್ದೆ. ಮೊಂಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಎಂದು ಇಬ್ಬರೂ ಹೊರಗೆ ಬರಬೇಕಿತ್ತು. ಸಂಜೆ ತೋಟದಿಂದ ಬಂದ ನೀವು ಒಂದು ದಿನವೂ ಅವನಲ್ಲಿ "ನೀರು ಸಿಕ್ಕಿತಾ" ಎಂದು ಕೇಳಲಿಲ್ಲ. "ಇವತ್ತು ಎಷ್ಟು ಕೋಲು?" ಎಂದೇ ಕೇಳುತ್ತಿದ್ದಿರಿ. ಅವನು ಒಂದು ಎನ್ನಲಿ, ಅರ್ಧ ಎನ್ನಲಿ, ಕೂಲಿ ಪೂರ್ತಿ ಕೊಡುತ್ತಿದ್ದಿರಿ. ಬಂಡೆ ಅಡ್ಡ ಬಂದ ದಿನವೂ ಕೊಟ್ಟಿರಿ. 38ನೇ ಕೋಲಿನಲ್ಲಿ ಮಣ್ಣು ಅಂಗೈಗೆ ಅಂಟಿತು. ಅವನು ಅದನ್ನು ಉಂಡೆ ಮಾಡಿ ನನ್ನ ಕೈಯಲ್ಲಿಟ್ಟ. ಆ ತಂಪು ಇನ್ನೂ ನನ್ನ ಕೈಯಲ್ಲಿದೆ ಅಪ್ಪಾ.

ಕಿಶ್‌ನಿಂದ ಬಂದವನೇ ಒಂದು ನೋಟ್‌ಬುಕ್ ಕೊಂಡೆ. ಅಲ್ಲಿಯವರೆಗೆ ದಿನವಿಡೀ "ಇವತ್ತೂ ಕೆಲಸ ಸಿಗಲಿಲ್ಲ" ಎಂಬುದೊಂದೇ ಲೆಕ್ಕ. ಈಗ ಮೂರು ಆಫೀಸಿನ ಮೆಟ್ಟಲು ಹತ್ತಿ, ಎರಡು ಅರ್ಜಿ ಕಳಿಸಿದರೆ ಒಂದು ಕೋಲು. ಯಾರನ್ನು ಕಂಡೆ, ಏನೆಂದರು, ಮತ್ತೆ ಯಾವಾಗ ಫೋನ್ ಮಾಡಬೇಕು ಎಂದು ಬರೆದು, ರಾತ್ರಿ ಪುಟದ ಅಡಿಯಲ್ಲಿ ಕೋಲಿನ ಲೆಕ್ಕ ಹಾಕುತ್ತೇನೆ. ರಂಜಾನಿನಲ್ಲಿ ಆಫೀಸುಗಳು ಬೇಗ ಮುಚ್ಚುತ್ತಿದ್ದವು, ಆ ತಿಂಗಳೆಲ್ಲ ಹೆಚ್ಚಾಗಿ ಅರ್ಧ. ಆಗಸ್ಟ್ ಕೊನೆಗೆ ಒಂದು ಕಂಪೆನಿಯವರು ಮೂರು ಸಲ ಸಂದರ್ಶನಕ್ಕೆ ಕರೆದು, ಆಮೇಲೆ ನನ್ನ ಫೋನನ್ನೇ ಎತ್ತಲಿಲ್ಲ. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆ ಎರಡು ಪುಟದಲ್ಲಿ ಸೊನ್ನೆ ಎಂದೇ ಇದೆ. ಮೂರನೇ ದಿನ ನಸುಕಿಗೆ, ಉಪವಾಸ ಹಿಡಿಯುವ ಮೊದಲು ಉಣ್ಣಲು ಎದ್ದ ಗೆಳೆಯ ನನ್ನನ್ನೂ ಎಬ್ಬಿಸಿ ಚಾ ಕೊಟ್ಟ. ನೋಡಿದರೆ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ಬಾಗಿಲಿಗೆ ನೇತುಹಾಕಿದ್ದ. ಒಂದು ಮಾತೂ ಆಡಲಿಲ್ಲ. ಅವನು ಮನೆಗೆ ಬಂದಾಗ ಊಟ ಮಾಡಿಸದೆ ಕಳಿಸಬೇಡಿ.

ನಿಮ್ಮ ಹಾಗೆ ನಾನೂ ಗುಡ್ಡದ ಮಗ್ಗುಲು ಬದಲಿಸಿದ್ದೇನೆ. ಕಟ್ಟಡದ ಕೆಲಸ ನಿಂತರೂ ರಸ್ತೆ, ನೀರಿನ ಪೈಪು, ಚರಂಡಿಯ ಕೆಲಸ ಪೂರ್ತಿ ನಿಂತಿಲ್ಲ. ಕಳೆದ ತಿಂಗಳು 9ನೇ ತಾರೀಕು ಇಲ್ಲಿ ಮೆಟ್ರೊ ರೈಲೂ ಓಡಿತು. ಅಬುಧಾಬಿಗೆ ಎಣ್ಣೆಯ ದುಡ್ಡಿದೆ. ಎರಡು ತಿಂಗಳಿಂದ ರಾತ್ರಿ ಕುಳಿತು ಪೈಪ್‌ಲೈನಿನ ನಕ್ಷೆ ಬರೆಯಲು ಕಲಿಯುತ್ತಿದ್ದೇನೆ. ಅಲ್ಲಿನ ಒಂದು ಕಂಪೆನಿ ಎರಡನೇ ಸಲ ಕರೆದಿದೆ, ಮೂಲ ಸರ್ಟಿಫಿಕೇಟು ಕೇಳಿದ್ದಾರೆ. ಆಗಿಯೇ ಆಗುತ್ತದೆ ಎನ್ನಲಾರೆ. ಮಣ್ಣು ಸ್ವಲ್ಪ ತಂಪಾಗಿದೆ, ಅಷ್ಟೇ.

ಈ ವೀಸಾ ಡಿಸೆಂಬರ್ ಮಧ್ಯದವರೆಗೆ ಇದೆ. ಅಷ್ಟರಲ್ಲಿ ಆಗದಿದ್ದರೆ ಊರಿಗೆ ಬರುತ್ತೇನೆ. ಅಲ್ಲಿಯ ತನಕ "ಬಂದುಬಿಡು ಮಗಾ" ಎಂದು ಕರೆಯಬೇಡಿ. ಅಮ್ಮ ಕರೆದರೆ ನನಗೆ ಇಲ್ಲಿ ನಿಲ್ಲಲಾಗದು.

ಗೆಳೆಯ ನವೆಂಬರ್ 8ಕ್ಕೆ ಹಿಂದೆ ಬರುತ್ತಾನೆ. ಅಟ್ಟದ ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನ ಡಿಪ್ಲೊಮಾ ಸರ್ಟಿಫಿಕೇಟು, ಆರು ಅಂಕಪಟ್ಟಿ ಇವೆ; ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವನ ಕೈಗೇ ಕೊಡಿ. ಹಲಸಿನ ಹಪ್ಪಳ ಉಳಿದಿದ್ದರೆ ಎರಡು ಕಟ್ಟು, ಒಂದು ಅವನಿಗೆ. ದೀಪಾವಳಿಯ ಹೊತ್ತಿಗೆ ಸುರಂಗದ ನೀರು ಹರಿಯುವ ದಂಬೆ ತುಂಬಿ ಬರುತ್ತಿದೆಯಾ ಎಂದು ಬರೆಯಿರಿ.

ಇಂತಿ ನಿಮ್ಮ ಪ್ರೀತಿಯ ಮಗ