‘ದಫ್ತರ’ ಹಿಂದಿಯ ಸ್ವತ್ತಲ್ಲ

ಮಾನ್ಯ ಸಂಪಾದಕರೇ,

ಪದಮೂಲ ಹೇಳುವ ಬರಹಗಳಲ್ಲಿ ‘ದಫ್ತರ’ವನ್ನು ‘ಹಿಂದಿ ಪದ, ಅರ್ಥ ಕಚೇರಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದುಂಟು. ಹಿಂದಿಯಲ್ಲಿ ಅದು ಕಚೇರಿ, ನಿಜ. ಕನ್ನಡದಲ್ಲಾದರೋ ದಫ್ತರ ಎಂದರೆ ಮುಖ್ಯವಾಗಿ ಕಾಗದಪತ್ರಗಳ ಕಟ್ಟು, ದಾಖಲೆ. ಮರಾಠಿಯ ‘ದಪ್ತರ’ಕ್ಕೂ ಈ ಅರ್ಥವಿದೆ, ಶಾಲೆಯ ಮಕ್ಕಳ ಪುಸ್ತಕದ ಚೀಲಕ್ಕೂ ಅಲ್ಲಿ ಅದೇ ಹೆಸರು. ನಮ್ಮ ಕಚೇರಿ ಪದಗಳು ಬಹುಪಾಲು ಪಾರ್ಸಿ ಭಾಷೆಯ ಆಡಳಿತ ಮತ್ತು ಮರಾಠಿಯ ಹಾದಿಯಲ್ಲಿ ಬಂದವು. ಅರ್ಥ ಹುಡುಕಬೇಕಾದದ್ದೂ ಆ ಕಡೆಗೇ.

ಮೂಲ ಗ್ರೀಕಿನ ‘ಡಿಫ್ತೆರಾ’, ಅಂದರೆ ಹದ ಮಾಡಿದ ಚರ್ಮ. ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಸಿಗದಿದ್ದಾಗ ಅಯೋನಿಯನ್ ಗ್ರೀಕರು ಆಡು, ಕುರಿಗಳ ಚರ್ಮದ ಮೇಲೆ ಬರೆಯುತ್ತಿದ್ದರು. ಅದಕ್ಕೇ ಆಮೇಲೂ ಪಪೈರಸ್ಸನ್ನು ‘ಚರ್ಮ’ ಎಂದೇ ಕರೆದರು ಎನ್ನುತ್ತಾನೆ ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಪಾರ್ಸಿ, ಅರಬ್ಬಿಗಳಲ್ಲಿ ‘ದಫ್ತರ್’ ಲೆಕ್ಕದ ಪುಸ್ತಕವಾಯಿತು. ಅರಬ್ಬಿ ಅದನ್ನು ಎಷ್ಟು ಒಗ್ಗಿಸಿಕೊಂಡಿತೆಂದರೆ, ಬಹುವಚನವನ್ನು ತನ್ನದೇ ಅಚ್ಚಿನಲ್ಲಿ ‘ದಫಾತಿರ್’ ಎಂದು ಮಾಡಿಕೊಂಡಿತು. ತುರ್ಕಿಯ ‘ದೆಫ್ತೆರ್’ ಈಗ ನೋಟ್‌ಬುಕ್, ಆಟೊಮನ್ನರ ಕಾಲದಲ್ಲಿ ಕಂದಾಯದ ಖಾತೆಪುಸ್ತಕವೂ ಹೌದು. ಸ್ವಾಹಿಲಿಯ ‘ದಫ್ತರಿ’ಯೂ ಬರೆಯುವ ಪುಸ್ತಕವೇ. ಇಂಡೊನೇಷ್ಯಾದಲ್ಲಿ ‘ದಫ್ತಾರ್’ ಎಂದರೆ ಪಟ್ಟಿ. ಅದಕ್ಕೆ ಅಲ್ಲಿನ ಪ್ರತ್ಯಯ ಸೇರಿಸಿ ‘ಪೆನ್‌ದಫ್ತಾರನ್’ ಎಂದರೆ ನೋಂದಣಿ. ತಮಾಷೆಯೆಂದರೆ, ಸಾಲ ಕೊಟ್ಟ ಗ್ರೀಕೇ ತುರ್ಕಿಯಿಂದ ಅದನ್ನು ‘ತೆಫ್ತೆರಿ’ ಎಂದು ಮರಳಿ ಪಡೆದು, ಲೆಕ್ಕದ ಪುಸ್ತಕಕ್ಕೆ ಬಳಸುತ್ತದೆ.

ಗಂಟಲುಮಾರಿ ರೋಗದ ‘ಡಿಫ್ತೀರಿಯಾ’ ಎಂಬ ಹೆಸರೂ ಇದೇ ಬುಡದ್ದು. ಗಂಟಲಲ್ಲಿ ಚರ್ಮದಂಥ ಬೂದು ಪೊರೆ ಕಟ್ಟುವುದನ್ನು ನೋಡಿ ಫ್ರೆಂಚ್ ವೈದ್ಯ ಬ್ರೆಟೊನೊ 1826ರಲ್ಲಿ ಅದಕ್ಕೆ ‘ಡಿಫ್ತೆರೀತ್’ ಎಂದು ಹೆಸರಿಟ್ಟ.

ಸದ್ದು ಹೋಲಿತೆಂದು ದಫೇದಾರನನ್ನು ಈ ಮನೆತನಕ್ಕೆ ಸೇರಿಸುವವರಿದ್ದಾರೆ. ಅದು ತಪ್ಪು. ದಫೇದಾರನ ಮೂಲ ಅರಬ್ಬಿಯ ‘ದಫಾ’, ಸರದಿ ಅಥವಾ ಸಲ. ‘ಒಂದು ದಫೆ’ ಎನ್ನುವಾಗ ನಾವು ಬಳಸುವುದು ಅದನ್ನೇ. ‘ದಫ್ತರ’ದ ‘ತರ’ ಆಮೇಲೆ ಸೇರಿದ ಪ್ರತ್ಯಯವಲ್ಲ, ಎರವಲು ಬಂದ ಪದದ್ದೇ ಭಾಗ. ಅದನ್ನು ಕಳಚಿ ‘ದಫ’ ಉಳಿಸಿಕೊಂಡು ನೆಂಟಸ್ತಿಕೆ ಬೆಳೆಸಲು ಬರುವುದಿಲ್ಲ.

ಪತ್ರಿಕೆಯಲ್ಲಿ ಎರವಲು ಪದದ ವಿವರ ಕೊಡುವಾಗ ಕನ್ನಡಕ್ಕೆ ನೇರವಾಗಿ ಕೊಟ್ಟ ಭಾಷೆ ಯಾವುದು, ಮೊದಲ ಮೂಲ ಯಾವುದು ಎಂಬುದನ್ನು ಬೇರೆಬೇರೆಯಾಗಿ ತಿಳಿಸಿ, ಕನ್ನಡದಲ್ಲಿ ನಿಂತ ಅರ್ಥವನ್ನೇ ಮೊದಲು ಹಾಕಬೇಕೆಂದು ಕೋರಿಕೆ.

– ಓದುಗರು