ಡ್ರಮ್ಸ್ ಎಲ್ಲಿದೆ ಸ್ವಾಮಿ?

ಪ್ರೀತಿಯ ಹುಡುಗಿ,

ಫೋಕ್ ರಾಕ್, ಅಂದರೆ ಜನಪದ ಹಾಡುಗಳಿಗೆ ರಾಕ್ ವಾದ್ಯ ಬೆರೆಸಿ ಹಾಡುವ ಸ್ಟೀಲೈ ಸ್ಪ್ಯಾನ್ ತಂಡದ ‘ಎಸ್ಟಾಬ್ಲಿಷ್ಡ್ 1969’ ಆಲ್ಬಮ್ ಬಗ್ಗೆ ನೀನು ಬರೆದ ವಿಮರ್ಶೆಯನ್ನು ಎರಡು ಸಲ ಓದಿದೆ. ಆಲ್ಬಮ್ಮಿನ ಹೆಸರೇ ಚೆನ್ನಾಗಿದೆ, ಹಳೇ ಅಂಗಡಿಯ ಬೋರ್ಡಿನ ಹಾಗೆ. ಆದರೆ ಮೊದಲ ನಾಲ್ಕು ಪ್ಯಾರಾ ಪೂರ್ತಿ ತಂಡದ ಚರಿತ್ರೆ. ಇಂಗ್ಲೆಂಡಿನಲ್ಲಿ ಶುರುವಾದದ್ದು, 1975ರ ದೊಡ್ಡ ಹಿಟ್, ರಾಕ್ ಗಾಯಕ ಡೇವಿಡ್ ಬೋವಿ ಬಂದು ಸ್ಯಾಕ್ಸೋಫೋನ್ ಊದಿದ್ದು. 2019ರ ಆಲ್ಬಮ್ ಬರುವ ಹೊತ್ತಿಗೆ ಓದುವವರು ಕಾಫಿಗೆ ಎದ್ದಿರುತ್ತಾರೆ.

ಉಳಿಸಿಕೊಳ್ಳಬೇಕಾದ ಒಂದೇ ಒಂದು ಹಳೇ ಸಂಗತಿಯನ್ನು ನೀನು ಬಿಟ್ಟುಬಿಟ್ಟಿದ್ದೀಯ. 1974ರಲ್ಲಿ ಇವರ ಆಲ್ಬಮ್ ತಯಾರಿಗೆ ಸಲಹೆ ಕೊಟ್ಟವನು ಜೆತ್ರೋ ಟಲ್ ಎಂಬ ರಾಕ್ ತಂಡದ ಇಯಾನ್ ಆಂಡರ್ಸನ್. 45 ವರ್ಷ ಆದ ಮೇಲೆ ಇಲ್ಲಿ ‘ಓಲ್ಡ್ ಮೇಟ್ರನ್’ ಹಾಡಿಗೆ ಕೊಳಲು ನುಡಿಸಿರುವವನೂ ಅವನೇ. ಅಲ್ಲಿಂದಲೇ ಶುರು ಮಾಡು. ಕೊಳಲು ಯಾವ ಸಾಲಿಗೆ ಬರುತ್ತದೆ? ಪಿಟೀಲಿನ ಜೊತೆ ಜಗಳ ಆಡುತ್ತದಾ, ಸುಮ್ನೆ ಪಕ್ಕದಲ್ಲಿ ನಡೆಯುತ್ತದಾ? ಹಾಡು ಹಾಕಿಕೊಂಡು ಕೂತು ಬರೆದುಕೋ.

‘ದಿ ಬಾಯ್ ಆ್ಯಂಡ್ ದಿ ಮ್ಯಾಂಟಲ್’ ಹಾಡನ್ನು ‘ಹಳೆಯ ಕಥನಗೀತೆ’ ಅಂತ ಎರಡೇ ಪದದಲ್ಲಿ ಮುಗಿಸಿದ್ದೀಯ. ಅಯ್ಯೋ! ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಕೂಡಿಸಿದ 305 ಕಥನಗೀತೆಗಳಲ್ಲಿ ಇದು 29ನೆಯದು. ತೆಗೆದು ಓದು. ಆರ್ಥರ್ ದೊರೆಯ ಆಸ್ಥಾನಕ್ಕೆ ಒಬ್ಬ ಹುಡುಗ ಒಂದು ನಿಲುವಂಗಿ ತರುತ್ತಾನೆ. ಗಂಡನಿಗೆ ಮೋಸ ಮಾಡಿದವಳ ಮೈಗೆ ಅದು ಕೂರುವುದಿಲ್ಲ. ರಾಣಿ ತೊಟ್ಟರೆ ಕತ್ತರಿ ಹಾಕಿದ ಹಾಗೆ ಚಿಂದಿ, ಬಣ್ಣವೂ ಬದಲು. ಕೊನೆಗೆ ಕ್ರ್ಯಾಡಕ್ ಎಂಬವನ ಹೆಂಡತಿ ತೊಡುತ್ತಾಳೆ. ಅವಳಿಗೂ ಕಾಲಿನ ಹೆಬ್ಬೆರಳ ಹತ್ತಿರ ಸುಕ್ಕುಗಟ್ಟುತ್ತದೆ. ‘ಮದುವೆಗೆ ಮುಂಚೆ ಒಂದು ಸಲ ಇವನಿಗೇ ಮುತ್ತು ಕೊಟ್ಟಿದ್ದೆ’ ಅಂತ ಒಪ್ಪಿಕೊಂಡ ಮೇಲೆ ಸುಕ್ಕು ಹೋಗುತ್ತದೆ. ಎಂಥಾ ಸುಕ್ಕು ಅಲ್ವಾ! ಆ ಪದ್ಯ ಪಕ್ಕದಲ್ಲಿಟ್ಟುಕೊಂಡು, ಇವರು ಏನು ಬಿಟ್ಟಿದ್ದಾರೆ, ಏನು ಇಟ್ಟುಕೊಂಡಿದ್ದಾರೆ ನೋಡು. ಅರ್ಧ ವಿಮರ್ಶೆ ಅಲ್ಲೇ ಇದೆ.

ತಂಡದ ಗಾಯಕಿ ಮ್ಯಾಡಿ ಪ್ರಯರ್ ದನಿಗೆ ‘ಚಿರಯೌವನದ ಕಂಠ’ ಅಂದಿದ್ದೀಯ. ಸುಳ್ಳು. ಆಕೆಗೆ ಆಗಲೇ ಎಪ್ಪತ್ತು ದಾಟಿತ್ತು. ಎಪ್ಪತ್ತರ ದಶಕದ ಒಂದು ಹಾಡು ಕೇಳಿ, ತಕ್ಷಣ ಇದನ್ನು ಹಾಕು. ದನಿ ಕೆಳಗಿಳಿದಿದೆ, ಅಂಚು ಒರಟಾಗಿದೆ. ನನಗಂತೂ ಈ ದನಿಯೇ ಜಾಸ್ತಿ ಇಷ್ಟ. ನಿನಗೆ ಇಷ್ಟವಾಗದಿದ್ದರೆ ಹಾಗೇ ಬರೆ. ಐವತ್ತು ವರ್ಷ ಹಾಡಿದ್ದಾರೆ ಅಂತ ಮಾರ್ಕ್ಸ್ ಕೊಡಬೇಡ.

‘ನಮ್ಮ ಲಾವಣಿ ಇದ್ದ ಹಾಗೆ’ ಅನ್ನುವ ಸಾಲು ಹೊಡೆದು ಹಾಕಿದ್ದೇನೆ. ಇದ್ದ ಹಾಗೆ ಇಲ್ಲ.

ಇಷ್ಟೆಲ್ಲ ಹೇಳುವ ನಾನೇನು ಸಾಚಾ ಅಲ್ಲ. ನಿನ್ನ ವಯಸ್ಸಿನಲ್ಲಿ ಇದೇ ತಂಡದ 1971ರ ‘ಪ್ಲೀಸ್ ಟು ಸೀ ದಿ ಕಿಂಗ್’ ಬಗ್ಗೆ ಬರೆದಿದ್ದೆ. ಅರ್ಧಂಬರ್ಧ ಕೇಳಿ, ಫೋಕ್ ರಾಕ್ ಅಂದ ಮೇಲೆ ಇರಲೇಬೇಕು ಅಂದುಕೊಂಡು ‘ಡ್ರಮ್ಸ್ ಅಬ್ಬರ’ ಅಂತ ಗೀಚಿದೆ. ಆ ಆಲ್ಬಮ್ಮಿನಲ್ಲಿ ಡ್ರಮ್ಮರ್ರೇ ಇಲ್ಲ! ಎಲೆಕ್ಟ್ರಿಕ್ ಗಿಟಾರು, ಬೇಸ್, ಪಿಟೀಲು, ಇವೇ ತಾಳ ಹೊತ್ತಿವೆ. ವಾರದಲ್ಲಿ ಒಂದು ಕಾರ್ಡು ಬಂತು, ಅದರಲ್ಲಿ ಒಂದೇ ಸಾಲು: ‘ಡ್ರಮ್ಸ್ ಎಲ್ಲಿದೆ ಸ್ವಾಮಿ?’

ತಿದ್ದಿದ್ದನ್ನು ಶನಿವಾರದೊಳಗೆ ಕಳಿಸು. ಹಾಂ, ಮರೆತಿದ್ದೆ. ಕಿರ್ಕ್‌ಪ್ಯಾಟ್ರಿಕ್ ಹೆಸರು ತಪ್ಪಾಗಿದೆ, ಜಾನ್ ಅಂತ ಬರೆದಿದ್ದೀಯ. ಜಾನ್ ಈ ತಂಡದಲ್ಲಿ ಇದ್ದದ್ದು ಎಪ್ಪತ್ತರ ದಶಕದ ಕೊನೆಗೆ. ಈ ಆಲ್ಬಮ್ಮಿನಲ್ಲಿ ಇರುವುದು ಅವರ ಮಗ ಬೆಂಜಿ.

ನಿನ್ನ,
ಡ್ರಮ್ಸ್ ಸ್ವಾಮಿ